ಇಪ್ಪತ್ತೆಂಟು ಸೋಲುಗಳ ಲೆಕ್ಕ

೨೦೨೩ನೆಯ ಇಸವಿಯ ಅಕ್ಟೋಬರ್ ೩೦ರಿಂದ ಡಿಸೆಂಬರ್ ೨೮ರವರೆಗಿನ ಎರಡು ತಿಂಗಳಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವು ಇಪ್ಪತ್ತೆಂಟು ಪಂದ್ಯಗಳನ್ನಾಡಿತು, ಇಪ್ಪತ್ತೆಂಟನ್ನೂ ಸೋತಿತು. ಎನ್.ಬಿ.ಎ. ಎಂದು ಪ್ರಸಿದ್ಧವಾದ ಆ ದೇಶದ ಸಂಘದಲ್ಲಿ ಮೂವತ್ತು ತಂಡಗಳುಂಟು. ಒಂದೊಂದು ತಂಡವೂ ಒಂದು ಋತುವಿನಲ್ಲಿ ೮೨ ಪಂದ್ಯಗಳನ್ನು ಆಡತಕ್ಕದ್ದು. ಸಂಘ ಹುಟ್ಟಿದ ೧೯೪೬ರಿಂದ ಅಂದಿನವರೆಗೆ, ಒಂದೇ ಋತುವಿನೊಳಗೆ ಇಷ್ಟು ಉದ್ದದ ಸೋಲಿನ ಸರಣಿ ಬೇರಾವ ತಂಡಕ್ಕೂ ಒದಗಿರಲಿಲ್ಲ. ಋತು ಮುಗಿದಾಗ ಲೆಕ್ಕ ಹೀಗಿದ್ದಿತು: ಗೆಲುವು ೧೪, ಸೋಲು ೬೮.

ತಂಡದ ಹೆಸರು ಪಿಸ್ಟನ್ಸ್. ಮೋಟಾರು ವಾಹನಗಳ ತವರೆನಿಸಿದ ನಗರಕ್ಕೆ ಎಂಜಿನ್ನಿನ ಒಂದು ಅಂಗದ ಹೆಸರು ಒಪ್ಪುವಂಥದೇ. ಇದೇನೂ ಹುಟ್ಟಾ ದುರ್ಬಲವಾದ ತಂಡವಲ್ಲ. ೧೯೮೯, ೧೯೯೦ ಮತ್ತು ೨೦೦೪ರಲ್ಲಿ ಸಂಘದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದುಕೊಂಡದ್ದು. ಆ ದುರದೃಷ್ಟದ ಋತುವಿನಲ್ಲಿಯೂ ಮೊದಲ ಮೂರು ಪಂದ್ಯಗಳ ಪೈಕಿ ಎರಡನ್ನು ಗೆದ್ದೇ ಅದು ಹೊರಟಿತ್ತು.

ಸರಣಿ ಬೆಳೆದಂತೆಲ್ಲ ವ್ಯಾಖ್ಯಾನಗಳೂ ಬೆಳೆದುವು. ಆಟಗಾರರ ಆತ್ಮವಿಶ್ವಾಸ ಕುಸಿದಿದೆಯೆಂದರು ಕೆಲವರು. ಸೋಲು ಒಂದು ಅಂಟುಜಾಡ್ಯದಂತೆ ತಂಡವನ್ನು ಹಿಡಿದಿದೆಯೆಂದರು ಮತ್ತೆ ಕೆಲವರು. ತಂಡವನ್ನು ಮಾರಿಬಿಡಿರೆಂದು ಪ್ರೇಕ್ಷಕರು ಕ್ರೀಡಾಂಗಣದಲ್ಲಿಯೇ ಒಕ್ಕೊರಲಿನಿಂದ ಕೂಗಿದರು. ನಮ್ಮಲ್ಲಾದರೆ ಇದನ್ನೇ ಶನಿಯ ಕಾಟವೆನ್ನುತ್ತಿದ್ದರು. ಮಾತಿನ ಬಣ್ಣ ಬೇರೆಯಾದರೂ ತಿರುಳು ಒಂದೇ: ಇಪ್ಪತ್ತೆಂಟು ಸೋಲುಗಳು ಬೆನ್ನುಬೆನ್ನಿಗೆ ಬಂದುವೆಂದ ಮೇಲೆ ಅವುಗಳನ್ನು ಒಂದಕ್ಕೊಂದು ಪೋಣಿಸಿದ ದಾರವೊಂದು ಇರಲೇಬೇಕು ಎಂಬ ನಂಬಿಕೆ. ಈ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣವೇನೆಂಬುದನ್ನು ತಿಳಿಯಲು ವಿದ್ಯಾರ್ಥಿಮಿತ್ರರಿಗೆ ಒಂದು ದಾಳ, ಒಂದು ಹಾಳೆ, ಒಂದು ಪೆನ್ಸಿಲು ಸಾಕು.

೮೨ ಪಂದ್ಯಗಳಲ್ಲಿ ೧೪ ಗೆಲುವೆಂದರೆ ಸುಮಾರು ಆರಕ್ಕೆ ಒಂದು. ಆದುದರಿಂದ ದಾಳವನ್ನೇ ನಮ್ಮ ತಂಡವೆಂದು ಭಾವಿಸೋಣ. ಆರು ಬಿದ್ದರೆ ಗೆಲುವು, ಮಿಕ್ಕ ಐದರಲ್ಲಿ ಯಾವುದು ಬಿದ್ದರೂ ಸೋಲು. ಈ ದಾಳಕ್ಕೆ ಮನಸ್ಸಿಲ್ಲ, ಆತ್ಮವಿಶ್ವಾಸವಿಲ್ಲ, ನಿನ್ನೆಯ ಸೋಲಿನ ನೆನಪಿಲ್ಲ, ಬೈಯುವ ಪ್ರೇಕ್ಷಕರೂ ಇಲ್ಲ. ಅದನ್ನು ೮೨ ಬಾರಿ ಉರುಳಿಸಿದರೆ ಎಲ್ಲಿಯಾದರೂ ಒಂದೆಡೆ ಸತತವಾಗಿ ೨೮ ಸೋಲುಗಳು ಬರುವ ಸಂಭಾವ್ಯತೆ ಎಷ್ಟು?

ಅವಸರದ ಲೆಕ್ಕ ಹೀಗಿರುತ್ತದೆ: ಒಂದು ಸೋಲಿನ ಸಂಭಾವ್ಯತೆ ಆರರಲ್ಲಿ ಐದು, ಇದನ್ನು ಇಪ್ಪತ್ತೆಂಟು ಬಾರಿ ಗುಣಿಸಿದರೆ ಸಾವಿರಕ್ಕೆ ಆರು. ಇಷ್ಟು ಸಣ್ಣ ಸಂಖ್ಯೆಯನ್ನು ಕಂಡೊಡನೆ ಇದು ಬರಿಯ ಆಕಸ್ಮಿಕವಾಗಿರಲಾರದೆಂದು ಹೇಳಿ ಲೇಖನಿಯನ್ನು ಕೆಳಗಿಡುವವರೇ ಹೆಚ್ಚು. ಆದರೆ ಇದು ನಾವು ಮೊದಲೇ ಬೆರಳಿಟ್ಟು ತೋರಿಸಿದ ಇಪ್ಪತ್ತೆಂಟು ಪಂದ್ಯಗಳಿಗೆ ಮಾತ್ರ ಸಲ್ಲುವ ಲೆಕ್ಕ. ಸರಣಿಯು ಎಲ್ಲಿಂದ ಬೇಕಾದರೂ ಆರಂಭವಾಗಬಹುದಷ್ಟೆ? ಮೊದಲನೆಯ ಪಂದ್ಯದಿಂದ ಹಿಡಿದು ಐವತ್ತೈದನೆಯ ಪಂದ್ಯದವರೆಗೆ ಅದಕ್ಕೆ ೫೫ ಆರಂಭಸ್ಥಾನಗಳುಂಟು. ಮೊದಲನೆಯದನ್ನು ಬಿಟ್ಟು ಉಳಿದ ೫೪ ಸ್ಥಾನಗಳಲ್ಲಿ ಹೊಸ ಸರಣಿ ತೊಡಗಬೇಕಾದರೆ ಅದರ ಹಿಂದಿನ ಪಂದ್ಯ ಗೆಲುವಾಗಿರಬೇಕು. ಅದರ ಸಂಭಾವ್ಯತೆ ಆರರಲ್ಲಿ ಒಂದು. ೫೪ರ ಆರನೆಯ ಒಂದು ಭಾಗ ೯, ಮೊದಲ ಸ್ಥಾನದ್ದು ೧, ಒಟ್ಟು ೧೦. ಸಾವಿರಕ್ಕೆ ಆರನ್ನು ಹತ್ತರಿಂದ ಗುಣಿಸಿದರೆ ನೂರಕ್ಕೆ ಆರು. ಅರವತ್ತು ಮಂದಿ ವಿದ್ಯಾರ್ಥಿಗಳಿರುವ ಒಂದು ತರಗತಿಯಲ್ಲಿ ಪ್ರತಿಯೊಬ್ಬರೂ ಒಂದೊಂದು ದಾಳವನ್ನು ಹಿಡಿದು ಎಂಬತ್ತೆರಡು ಸಲ ಉರುಳಿಸಿದರೆ, ಮೂರು ನಾಲ್ಕು ಮಂದಿಯ ಹಾಳೆಯಲ್ಲಿ ಡೆಟ್ರಾಯಿಟ್ ತಂಡದ್ದಕ್ಕೆ ಸಮನಾದ ಅಥವಾ ಅದಕ್ಕಿಂತ ಉದ್ದವಾದ ಸೋಲಿನ ಸರಣಿಯನ್ನು ನಿರೀಕ್ಷಿಸಬಹುದು. ಅವರ ದಾಳಗಳಿಗೆ ಯಾವ ಜಾಡ್ಯವೂ ತಗುಲಿರುವುದಿಲ್ಲ.

ಇದೇ ದಾಳ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಎಂಬತ್ತೆರಡು ಉರುಳಿಕೆಗಳಲ್ಲಿ ಹದಿನಾರು ಅಥವಾ ಅದಕ್ಕೆ ಮೇಲ್ಪಟ್ಟ ಸೋಲುಗಳ ಸರಣಿ ಕಾಣಿಸಿಕೊಳ್ಳುವ ಸಂಭಾವ್ಯತೆ ಅರ್ಧಕ್ಕೆ ಬಹು ಸಮೀಪ. ಅಂದರೆ ಇಂಥ ತಂಡಕ್ಕೆ ಸತತ ಹದಿನೈದು ಹದಿನಾರು ಸೋಲುಗಳು ತೀರ ಸಾಮಾನ್ಯವಾದ ವಿಷಯ. ಅದೇ ೨೦೨೩-೨೪ರ ಋತುವಿನಲ್ಲಿ ವಾಷಿಂಗ್‌ಟನ್ ನಗರದ ವಿಜರ್ಡ್ಸ್ ತಂಡ ೧೫ ಪಂದ್ಯಗಳನ್ನು ಗೆದ್ದು ೬೭ನ್ನು ಸೋತಿತು. ಅದರ ಅತ್ಯಂತ ದೀರ್ಘ ಸೋಲಿನ ಸರಣಿ ಸರಿಯಾಗಿ ಹದಿನಾರು. ಎರಡು ತಂಡಗಳಿಗೂ ಗೆಲುವಿನಲ್ಲಿ ಒಂದೇ ಒಂದರ ಅಂತರ. ಆದರೂ ಒಂದರ ಹೆಸರು ದೇಶದೇಶಗಳ ಪತ್ರಿಕೆಗಳಲ್ಲಿ ಮೆರೆಯಿತು, ಮತ್ತೊಂದನ್ನು ಅಷ್ಟಾಗಿ ಕೇಳಿದವರಿಲ್ಲ. ಸೋಲುಗಳನ್ನು ಹಂಚಿದ ಬಗೆ ಬೇರೆ ಎಂಬುದನ್ನು ಬಿಟ್ಟರೆ ಈ ಕುಖ್ಯಾತಿಗೆ ಬೇರೆ ಆಧಾರ ಬಹಳವಿಲ್ಲ.

ಮನುಷ್ಯರು ದಾಳಗಳಲ್ಲವಲ್ಲ ಎಂಬ ಆಕ್ಷೇಪಣೆ ಇಲ್ಲಿ ಏಳುತ್ತದೆ. ನ್ಯಾಯವಾದುದೇ. ಎದುರಾಳಿಗಳು ಒಂದೇ ಸಮನಾಗಿರುವುದಿಲ್ಲ. ಸ್ವಂತ ಅಂಗಣ ಬೇರೆ, ಪರರ ಅಂಗಣ ಬೇರೆ. ದುರ್ಭಿಕ್ಷದಲ್ಲಿ ಅಧಿಕಮಾಸವೆಂಬಂತೆ, ಡೆಟ್ರಾಯಿಟ್‌ನ ಅನುಭವಿ ಆಟಗಾರ ಬೋಗ್ದಾನೊವಿಚ್ ಗಾಯದಿಂದಾಗಿ ಡಿಸೆಂಬರಿನ ಆರಂಭದವರೆಗೆ ಅಂಗಣಕ್ಕಿಳಿಯಲಾಗಲಿಲ್ಲ. ಆ ದಿನಗಳಲ್ಲಿ ದಾಳವು ಇನ್ನಷ್ಟು ಸೋಲಿನ ಕಡೆಗೆ ವಾಲಿದ್ದಿರಬೇಕು. ಇವೆಲ್ಲ ನಿಜ. ಆದರೆ ಸೋಲು ಸೋಲನ್ನು ಹೆರುತ್ತದೆ ಎಂಬುದು ಬೇರೆಯೇ ಒಂದು ಹೇಳಿಕೆ. ಅದಕ್ಕೆ ಪ್ರತ್ಯೇಕವಾದ ಸಾಕ್ಷ್ಯ ಬೇಕು.

ಈ ಪ್ರಶ್ನೆಯ ಇನ್ನೊಂದು ಮುಖವನ್ನು ವಿಜ್ಞಾನಿಗಳು ಬಹುಕಾಲದಿಂದ ಪರಿಶೀಲಿಸುತ್ತಿದ್ದಾರೆ. ಸತತವಾಗಿ ಬುಟ್ಟಿಗೆ ಚೆಂಡು ಹಾಕಿದ ಆಟಗಾರನ ಕೈ ಕಾವೇರಿದೆ, ಮುಂದಿನದೂ ಒಳಗೆ ಬೀಳುವುದೇ ಸೈ ಎಂದು ಆಡುವವರೂ ನೋಡುವವರೂ ನಂಬುತ್ತಾರೆ. ೧೯೮೫ರಲ್ಲಿ ಗಿಲೋವಿಚ್, ವಾಲೋನ್ ಮತ್ತು ಟ್ವೆರ್‌ಸ್ಕಿ ಎಂಬ ಮೂವರು ಫಿಲಡೆಲ್ಫಿಯ ತಂಡದ ಎಸೆತಗಳ ದಾಖಲೆಯನ್ನು ಮುಂದಿಟ್ಟುಕೊಂಡು, ಇಂಥ ಕಾವಿಗೆ ಆಧಾರ ದೊರೆಯಲಿಲ್ಲವೆಂದು ಸಾರಿದರು. ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ೨೦೧೮ರಲ್ಲಿ, ಮಿಲ್ಲರ್ ಮತ್ತು ಸಂಹುರ್ಹೊ ಎಂಬ ಇಬ್ಬರು ಆ ಎಣಿಕೆಯ ವಿಧಾನದಲ್ಲಿಯೇ ಒಂದು ಸೂಕ್ಷ್ಮವಾದ ಓರೆ ಅಡಗಿತ್ತೆಂದೂ, ಅದನ್ನು ತಿದ್ದಿದರೆ ಒಂದಿಷ್ಟು ಕಾವು ಕಾಣುತ್ತದೆಂದೂ ತೋರಿಸಿದರು. ವಾದ ಇನ್ನೂ ಮುಗಿದಂತಿಲ್ಲ. ನಾವು ಇದರಿಂದ ಗ್ರಹಿಸುವುದಿಷ್ಟು: ನಿಪುಣರು ದಶಕಗಳ ಕಾಲ ಎಣಿಸಿ ಎಣಿಸಿ ಹುಡುಕಬೇಕಾದಷ್ಟು ಸಣ್ಣದಾದ ಪರಿಣಾಮವನ್ನು, ಪ್ರೇಕ್ಷಕನೊಬ್ಬನು ಆಸನದಲ್ಲಿ ಕುಳಿತು ಬರಿಗಣ್ಣಿನಿಂದಲೇ ಕಂಡೆನೆಂದರೆ ಅನುಮಾನಿಸುವುದು ಮೇಲು.

ಹಾಗಾದರೆ ಡೆಟ್ರಾಯಿಟ್ ತಂಡ ಕೇವಲ ದುರದೃಷ್ಟಕ್ಕೆ ತುತ್ತಾಯಿತೆ? ಖಂಡಿತ ಇಲ್ಲ. ದಾಳವು ಆರಕ್ಕೆ ಒಂದು ಗೆಲ್ಲುವಂಥದಾಗಿದ್ದುದೇ ಅದರ ದೌರ್ಬಲ್ಯ. ಆ ದೌರ್ಬಲ್ಯವನ್ನು ಅಳೆಯುವ ಸರಿಯಾದ ಮಾನ ಯಾವುದೆಂಬುದೇ ನಮಗೆ ಮುಖ್ಯವಾದ ಪ್ರಶ್ನೆ.

ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಪ್ರತಿ ತಂಡಕ್ಕೂ ಸುಮಾರು ನೂರು ಸಲ ಚೆಂಡು ಕೈಗೆ ಬರುತ್ತದೆ. ಇವನ್ನು ಸರದಿಗಳೆಂದು ಕರೆಯೋಣ. ಒಂದು ಸರದಿಯಲ್ಲಿ ಒಂದು ಅಂಕ ಬರಬಹುದು, ಎರಡು ಬರಬಹುದು, ಮೂರು ಬರಬಹುದು, ಏನೂ ಬಾರದಿರಬಹುದು. ಆ ಋತುವಿನಲ್ಲಿ ಪಿಸ್ಟನ್ಸ್ ತಂಡ ಪಂದ್ಯವೊಂದಕ್ಕೆ ಸರಾಸರಿ ೯ ಅಂಕಗಳಷ್ಟು ಎದುರಾಳಿಗಿಂತ ಹಿಂದೆ ಬೀಳುತ್ತಿತ್ತು. ಸರದಿಗೆ ಹಂಚಿದರೆ ಇದು ಒಂದು ಅಂಕದ ಹತ್ತನೆಯ ಒಂದು ಭಾಗಕ್ಕೂ ಕಡಮೆ. ಎರಡು ಮೂರು ಸರದಿಗಳನ್ನು ನೋಡಿ ಯಾವನೂ ಈ ಕೊರತೆಯನ್ನು ಗುರುತಿಸಲಾರ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ನಿಯಮವೊಂದು ಇಲ್ಲಿ ಕೆಲಸಮಾಡುತ್ತದೆ. ಒಂದೇ ದಿಕ್ಕಿಗೆ ತಳ್ಳುವ ಸಣ್ಣ ಬಲದ ಪರಿಣಾಮ ಸರದಿಗಳ ಸಂಖ್ಯೆಗೆ ಅನುಗುಣವಾಗಿ ಬೆಳೆಯುತ್ತದೆ. ಅತ್ತಿತ್ತ ಓಲಾಡಿಸುವ ಆಕಸ್ಮಿಕದ ಪರಿಣಾಮವಾದರೋ ಆ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಬೆಳೆಯುತ್ತದೆ. ಗಾಳಿ ಬೀಸುವ ಕೋಣೆಯಲ್ಲಿ ಹೊಗೆಯ ಕಣವೊಂದು ಎಷ್ಟೇ ತಡವರಿಸಿದರೂ ಕೊನೆಗೆ ಗಾಳಿಯ ದಿಕ್ಕಿಗೇ ಸಾಗುವುದು ಈ ಕಾರಣದಿಂದ.

ಪಂದ್ಯದ ಫಲಿತಾಂಶದಲ್ಲಿ ಆಕಸ್ಮಿಕದ ಓಲಾಟ ಸುಮಾರು ೧೨ ಅಂಕಗಳಷ್ಟೆಂದು ಇಟ್ಟುಕೊಳ್ಳಬಹುದು. ಒಂಬತ್ತು ಅಂಕಗಳ ತಳ್ಳಿಕೆ ಅದರ ಮುಕ್ಕಾಲು ಪಾಲು. ಅಂಥ ತಂಡ ನೂರಕ್ಕೆ ಇಪ್ಪತ್ತಮೂರರಷ್ಟು ಪಂದ್ಯಗಳನ್ನು ಗೆಲ್ಲಬೇಕು. ಈಗ ಪಂದ್ಯವನ್ನು ಇಪ್ಪತ್ತೈದು ಸರದಿಗಳಿಗೆ ಮೊಟಕುಗೊಳಿಸಿದರೆ ತಳ್ಳಿಕೆ ಕಾಲುಭಾಗಕ್ಕೆ ಇಳಿಯುತ್ತದೆ, ಓಲಾಟ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಅದೇ ದುರ್ಬಲ ತಂಡ ನೂರಕ್ಕೆ ಮೂವತ್ತೈದನ್ನು ಗೆದ್ದೀತು. ನಾಲ್ಕು ನೂರು ಸರದಿಗಳಿಗೆ ಹಿಗ್ಗಿಸಿದರೆ ನೂರಕ್ಕೆ ಏಳೂ ಕಷ್ಟ. ದುರ್ಬಲನು ಅಡಗಿಕೊಳ್ಳುವುದಕ್ಕೆ ಬ್ಯಾಸ್ಕೆಟ್‌ಬಾಲ್ ತಕ್ಕ ಆಟವಲ್ಲ. ೧೯೭೨-೭೩ರಲ್ಲಿ ಫಿಲಡೆಲ್ಫಿಯ ತಂಡ ೮೨ರಲ್ಲಿ ಗೆದ್ದದ್ದು ಒಂಬತ್ತೇ ಪಂದ್ಯ. ಬೇಸ್‌ಬಾಲ್ ಆಟದ ಆಧುನಿಕ ಚರಿತ್ರೆಯಲ್ಲಿ ಅತಿ ಹೆಚ್ಚು ಸೋತದ್ದು ೨೦೨೪ರ ಷಿಕಾಗೋ ವೈಟ್ ಸಾಕ್ಸ್ ತಂಡ. ೧೬೨ರಲ್ಲಿ ೧೨೧ ಸೋಲು. ಅಷ್ಟೊಂದು ಸೋತ ಆ ತಂಡವೂ ನಾಲ್ಕರಲ್ಲಿ ಒಂದು ಪಂದ್ಯವನ್ನು ಗೆದ್ದಿತ್ತೆಂಬುದನ್ನು ವಾಚಕರು ಗಮನಿಸಬೇಕು. ಫುಟ್‌ಬಾಲಿನಲ್ಲಿ ಒಂದೋ ಎರಡೋ ಗೋಲಿನಲ್ಲಿ ಎಲ್ಲವೂ ತೀರ್ಮಾನವಾಗುವುದರಿಂದ ಅಲ್ಲಿ ಬಡ ತಂಡಕ್ಕೆ ಇನ್ನೂ ಹೆಚ್ಚಿನ ಆಸರೆ ಸಿಗುತ್ತದೆ.

ನೂರಕ್ಕೆ ಇಪ್ಪತ್ತಮೂರರ ಲೆಕ್ಕದಲ್ಲಿ ಡೆಟ್ರಾಯಿಟ್ ತಂಡಕ್ಕೆ ೧೮ ಅಥವಾ ೧೯ ಗೆಲುವುಗಳು ಸಲ್ಲಬೇಕಾಗಿದ್ದುವು; ದಕ್ಕಿದ್ದು ಹದಿನಾಲ್ಕು. ಈ ಅಳತೆಗೋಲಿನಿಂದ ನೋಡಿದರೆ ಇಪ್ಪತ್ತೆಂಟರ ಸರಣಿಯ ಸಂಭಾವ್ಯತೆ ನೂರಕ್ಕೆ ಒಂದಕ್ಕೆ ಇಳಿಯುತ್ತದೆಂಬುದನ್ನೂ ನಾವು ಮುಚ್ಚಿಡಬಾರದು. ನೂರಕ್ಕೆ ಒಂದಿರಲಿ, ಆರಿರಲಿ, ಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಸಂಘದ ಚರಿತ್ರೆಯಲ್ಲಿ ಇಂಥ ದುರ್ಬಲ ತಂಡಗಳು ಮೇಲಿಂದ ಮೇಲೆ ಬಂದು ಹೋಗಿವೆ. ಅವುಗಳಲ್ಲಿ ಯಾವುದೋ ಒಂದರ ಪಾಲಿಗೆ ಇದು ಎಂದಾದರೊಂದು ದಿನ ಬರಬೇಕಾದುದೇ.

ಸರಣಿಯ ಕೊನೆಯ ದಿನಗಳನ್ನು ನೋಡಿ. ಡಿಸೆಂಬರ್ ೨೬ರಂದು ಬ್ರೂಕ್ಲಿನ್ ತಂಡದ ಎದುರು ಕೇಡ್ ಕನ್ನಿಂಗ್‌ಹ್ಯಾಮ್ ಎಂಬ ಯುವಕ ಒಬ್ಬನೇ ೪೧ ಅಂಕಗಳನ್ನು ಗಳಿಸಿದ. ಪಿಸ್ಟನ್ಸ್ ೧೧೮-೧೧೨ರಲ್ಲಿ ಸೋತಿತು, ಅದು ಇಪ್ಪತ್ತೇಳನೆಯದು. ಎರಡು ದಿನಗಳ ಮೇಲೆ ಬಾಸ್ಟನ್‌ನಲ್ಲಿ, ಆ ವರ್ಷ ಪ್ರಶಸ್ತಿಯನ್ನೇ ಗೆಲ್ಲಲಿದ್ದ ಸೆಲ್ಟಿಕ್ಸ್ ತಂಡದ ವಿರುದ್ಧ, ಅರ್ಧ ಆಟದ ವೇಳೆಗೆ ೧೯ ಅಂಕ ಮುಂದಿದ್ದು, ಸಮಬಲವಾಗಿ, ಹೆಚ್ಚುವರಿ ಅವಧಿಯಲ್ಲಿ ೧೨೮-೧೨೨ರಲ್ಲಿ ಸೋತಿತು. ಡಿಸೆಂಬರ್ ೩೦ರಂದು ಟೊರಾಂಟೊ ತಂಡವನ್ನು ೧೨೯-೧೨೭ರಲ್ಲಿ ಮಣಿಸಿತು, ಎರಡೇ ಅಂಕ. ಟೊರಾಂಟೊ ತಂಡ ಅದೇ ದಿನ ತನ್ನ ಪ್ರಮುಖ ಆಟಗಾರ ಅನುನೋಬಿಯನ್ನು ನ್ಯೂಯಾರ್ಕಿಗೆ ಬಿಟ್ಟುಕೊಟ್ಟಿತ್ತು. ಬದಲಿಗೆ ಬರಬೇಕಾದವರು ಇನ್ನೂ ಬಂದು ಸೇರಿರಲಿಲ್ಲ. ಆಟದ ಗುಣದಿಂದ ಅಳೆಯುವುದಾದರೆ ಬಾಸ್ಟನ್‌ನ ಸೋಲು ಈ ಗೆಲುವಿಗಿಂತ ಮೇಲಾದ ಸಾಧನೆಯೆಂದು ನಮ್ಮ ಅಭಿಪ್ರಾಯ. ಗೆಲುವು-ಸೋಲುಗಳ ಪಟ್ಟಿಯಲ್ಲಿ ಮಾತ್ರ ಒಂದು ಕರಿಯ ಚುಕ್ಕೆ, ಇನ್ನೊಂದು ಬಿಳಿಯ ಚುಕ್ಕೆ.

ವಿದ್ಯಾರ್ಥಿಗಳು ಇಂಥ ಪಟ್ಟಿಗಳೊಡನೆ ದಿನವೂ ಬಾಳಬೇಕಾದವರು. ಮೂವತ್ತೈದು ಅಂಕಕ್ಕೆ ತೇರ್ಗಡೆಯೆಂದಾದರೆ, ಮೂವತ್ತನಾಲ್ಕು ಬಂದವನನ್ನೂ ನಾಲ್ಕು ಬಂದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೇವೆ. ಅಂತರವನ್ನು ಹೇಳುವ ಸಂಖ್ಯೆಯನ್ನು ಅಳಿಸಿ, ಆದುದೊ ಆಗದುದೊ ಎಂಬ ಒಂದು ಮಾತನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಅದೇ ಹುಡುಗ ಎರಡು ಮೂರು ಬಾರಿ ಹಾಗೆಯೇ ಗೆರೆಯ ಕೆಳಗೆ ನಿಂತನೆಂದರೆ 'ಸತತ' ಎಂಬ ವಿಶೇಷಣವೊಂದು ಅವನ ಹೆಸರಿಗೆ ಅಂಟಿಕೊಳ್ಳುತ್ತದೆ. ಉಪಾಧ್ಯಾಯರ ಕೊಠಡಿಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಹೊರಬೀಳುತ್ತದೆಂಬುದನ್ನು ನಾವು ಬಲ್ಲೆವು. ಪ್ರಯೋಗಶಾಲೆಯಲ್ಲಿ ಅಳತೆಯ ಅಂಕಿಗಳನ್ನು ಬಿಸುಟು 'ಹೆಚ್ಚು', 'ಕಡಮೆ' ಎಂದಷ್ಟೇ ಬರೆದುಕೊಂಡು ಬಂದ ವಿದ್ಯಾರ್ಥಿಯ ದಾಖಲೆ ಪುಸ್ತಕಕ್ಕೆ ನಾವ್ಯಾರೂ ಸಹಿ ಹಾಕುವುದಿಲ್ಲ.

'ಸತತ' ಎಂಬ ಮಾತಿನ ಚಮತ್ಕಾರ ಇಷ್ಟಕ್ಕೇ ನಿಲ್ಲುವುದಿಲ್ಲ. ಋತುವಿನ ಅಂತಿಮ ಹಂತದ ಪಂದ್ಯಗಳಲ್ಲಿ ಡೆಟ್ರಾಯಿಟ್ ತಂಡ ೨೦೦೮ರಿಂದ ೨೦೨೫ರವರೆಗೆ ಸತತವಾಗಿ ೧೫ ಪಂದ್ಯಗಳನ್ನು ಸೋತಿತೆಂದು ದಾಖಲೆಗಳು ಹೇಳುತ್ತವೆ. ೨೦೦೮ರಲ್ಲಿ ಎರಡು, ೨೦೦೯ರಲ್ಲಿ ನಾಲ್ಕು, ೨೦೧೬ರಲ್ಲಿ ನಾಲ್ಕು, ೨೦೧೯ರಲ್ಲಿ ನಾಲ್ಕು, ೨೦೨೫ರಲ್ಲಿ ಒಂದು. ೨೦೦೮ರಲ್ಲಿ ಆಡಿದವರು ಯಾರೂ ೨೦೨೫ರ ತಂಡದಲ್ಲಿರಲಿಲ್ಲ, ತರಬೇತುದಾರರು ಬದಲಾಗಿದ್ದರು, ಒಡೆಯರು ಬದಲಾಗಿದ್ದರು, ಆಡುವ ಅಂಗಣವೂ ಬದಲಾಗಿತ್ತು. ಹಾಗಾದರೆ ಸೋತ ಆ 'ಒಂದು' ಯಾವುದು? ಅಂಗಿಯ ಮೇಲಿನ ಹೆಸರಲ್ಲದೆ ಬೇರೇನೂ ನಮಗೆ ತೋರುವುದಿಲ್ಲ.

ಇನ್ನು ಸಂಘವೇ ನಡೆಸುವ ಜೂಜಿನ ಮಾತು. ಸೋತ ತಂಡಗಳು ಚೇತರಿಸಿಕೊಳ್ಳಲೆಂದು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಅವುಗಳಿಗೆ ಮುಂಗಡ ಸ್ಥಾನ ಕೊಡುವ ಪದ್ಧತಿಯುಂಟು. ಬೇಕೆಂದೇ ಸೋತು ಮೊದಲ ಸ್ಥಾನ ಪಡೆಯುವ ದುರಾಸೆಯನ್ನು ತಡೆಯಲು ಅಲ್ಲೊಂದು ಚೀಟಿಯೆತ್ತುವ ಏರ್ಪಾಡಿದೆ. ೨೦೧೯ರಲ್ಲಿ ಜಾರಿಗೆ ಬಂದು ೨೦೨೩, ೨೦೨೪ರಲ್ಲಿ ನಡೆದ ನಿಯಮದ ಪ್ರಕಾರ, ಹದಿನಾಲ್ಕು ಚೆಂಡುಗಳಿಂದ ನಾಲ್ಕನ್ನು ಎತ್ತುತ್ತಾರೆ. ಹಾಗೆ ಎತ್ತುವ ವಿಧಗಳು ೧೦೦೧ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಒಂದನ್ನು ಕೈಬಿಟ್ಟು ಉಳಿದ ಸಾವಿರದಲ್ಲಿ, ಅತ್ಯಂತ ಕೆಳಗಿನ ಮೂರು ತಂಡಗಳಿಗೆ ತಲಾ ೧೪೦ನ್ನು ಕೊಡುತ್ತಾರೆ. ಅತ್ಯಂತ ಕೆಳಗಿನ ತಂಡ ಐದನೆಯ ಸ್ಥಾನಕ್ಕಿಂತ ಕೆಳಕ್ಕಿಳಿಯದು; ಆದರೆ ಆ ಐದನೆಯ ಸ್ಥಾನಕ್ಕೇ ಇಳಿಯುವ ಸಂಭಾವ್ಯತೆ ನೂರಕ್ಕೆ ೪೮ರಷ್ಟು. ೨೦೨೩ರಲ್ಲಿ ಅತ್ಯಂತ ಕೆಳಗಿದ್ದ ಡೆಟ್ರಾಯಿಟ್‌ಗೆ ಐದನೆಯ ಸ್ಥಾನ ಬಂತು. ವಿಕ್ಟರ್ ವೆಂಬನ್ಯಾಮ ಎಂಬ ಅಸಾಧಾರಣ ಆಟಗಾರ ಸ್ಯಾನ್ ಆಂಟೋನಿಯೊ ತಂಡದ ಪಾಲಾದ. ಅರವತ್ತೆಂಟು ಸೋತ ಬಳಿಕ, ೨೦೨೪ರಲ್ಲಿ, ಮತ್ತೆ ಐದನೆಯದೇ. ಗಾಯದ ಮೇಲೆ ಬರೆ ಎಂದು ಅಭಿಮಾನಿಗಳು ಹಲುಬಿದರೆ ಸಹಜವೇ. ಆದರೆ ಎರಡು ವರ್ಷ ಹೀಗಾಗುವ ಸಂಭಾವ್ಯತೆ ಹೆಚ್ಚುಕಡಮೆ ನಾಲ್ಕರಲ್ಲಿ ಒಂದು. ೨೦೨೧ರಲ್ಲಿ ಇದೇ ಏರ್ಪಾಡು ನೂರಕ್ಕೆ ಹದಿನಾಲ್ಕರ ಅದೃಷ್ಟದಿಂದ ಇದೇ ತಂಡಕ್ಕೆ ಮೊದಲ ಸ್ಥಾನವನ್ನು ಕೊಟ್ಟು, ಕನ್ನಿಂಗ್‌ಹ್ಯಾಮ್‌ನನ್ನು ತಂದು ಒಪ್ಪಿಸಿತ್ತು. ಆ ಋಣವನ್ನು ನೆನೆದವರು ಕಡಮೆ.

ದಾಳದ ಲೆಕ್ಕದಿಂದ ಎಲ್ಲವನ್ನೂ ತೇಲಿಸಿಬಿಡಲು ನಾವು ಹೊರಟಿದ್ದೇವೆಂದು ಯಾರೂ ತಿಳಿಯಬಾರದು. ಸೋಲಿನ ಸರಣಿಗೆ ಕ್ಷಮೆ ನೀಡುವ ಅದೇ ಲೆಕ್ಕ, ಮುಂದಿನ ಋತುವಿನಲ್ಲಿ ನಡೆದುದನ್ನು ಆಕಸ್ಮಿಕವೆನ್ನಲು ಸುತರಾಂ ಒಪ್ಪುವುದಿಲ್ಲ. ೨೦೨೪-೨೫ರಲ್ಲಿ ಪಿಸ್ಟನ್ಸ್ ೪೪ ಪಂದ್ಯಗಳನ್ನು ಗೆದ್ದು ೩೮ನ್ನು ಸೋತಿತು. ನಮ್ಮ ದಾಳವಾದರೆ ಸರಾಸರಿ ಹದಿನಾಲ್ಕರ ಆಚೀಚೆ ಮೂರೋ ನಾಲ್ಕೋ ಓಲಾಡೀತು; ಒಬ್ಬ ವಿದ್ಯಾರ್ಥಿ ಜೀವಮಾನವಿಡೀ ಉರುಳಿಸಿದರೂ ನಲವತ್ತನಾಲ್ಕು ಆರುಗಳು ಬೀಳುವ ಭರವಸೆಯಿಲ್ಲ. ದಾಳವೇ ಬದಲಾಗಿತ್ತು.

ಬದಲಾಯಿಸಿದವರಾರು? ೨೦೨೩ರಲ್ಲಿ ಆರು ವರ್ಷಗಳಿಗೆ ೭ ಕೋಟಿ ೮೫ ಲಕ್ಷ ಡಾಲರುಗಳ ಒಪ್ಪಂದದ ಮೇಲೆ ಬಂದಿದ್ದರೆಂದು ವರದಿಯಾದ ತರಬೇತುದಾರ ಮಾಂಟಿ ವಿಲಿಯಮ್ಸ್ ಅವರನ್ನು ಒಂದೇ ಋತುವಿನ ಅನಂತರ, ೨೦೨೪ರ ಜೂನ್‌ನಲ್ಲಿ, ಬಿಡುಗಡೆ ಮಾಡಿದರು. ಅವರ ಜಾಗಕ್ಕೆ ಜೆ. ಬಿ. ಬಿಕರ್‌ಸ್ಟಾಫ್ ಬಂದರು. ಹಳಬರು ಹೋಗಿ ಹೊಸಬರು ಬಂದ ಮೇಲೆ ತಂಡ ಗೆದ್ದಿತು, ಆದುದರಿಂದ ಹೋದವರೇ ಸೋಲಿಗೆ ಕಾರಣವೆಂದು ತೀರ್ಪು ಕೊಡುವುದು ಸುಲಭ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಡುವಣ ಸಂಬಂಧವನ್ನು ಬೇರೆಯಾಗಿ ಸಿದ್ಧಮಾಡಬೇಕಾಗುತ್ತದೆ. ಅದೇ ಬೇಸಗೆಯಲ್ಲಿ ತಂಡಕ್ಕೆ ಟೋಬಯಸ್ ಹ್ಯಾರಿಸ್, ಟಿಮ್ ಹಾರ್ಡವೇ, ಮಲಿಕ್ ಬೀಸ್ಲಿ ಎಂಬ ಅನುಭವಸ್ಥರು ಸೇರಿದರು. ಬೀಸ್ಲಿ ಒಬ್ಬರೇ ಆ ಋತುವಿನಲ್ಲಿ ದೂರದ ಗೆರೆಯಾಚೆಯಿಂದ, ತಲಾ ಮೂರು ಅಂಕದ, ೩೧೯ ಎಸೆತಗಳನ್ನು ಬುಟ್ಟಿಗೆ ಹಾಕಿದರು. ದೂರದಿಂದ ಎಸೆಯಬಲ್ಲವರು ಅಂಗಣದ ಅಂಚಿನಲ್ಲಿ ನಿಂತರೆ ಎದುರಾಳಿಗಳು ಹರಡಿಕೊಳ್ಳಬೇಕಾಗುತ್ತದೆ. ನಡುವೆ ತೆರವಾದ ಜಾಗದಲ್ಲಿ ಕನ್ನಿಂಗ್‌ಹ್ಯಾಮ್‌ನಂಥವನಿಗೆ ದಾರಿ ಸಿಗುತ್ತದೆ. ಅವನಿಗೂ ಒಂದು ವರ್ಷ ವಯಸ್ಸಾಗಿತ್ತು. ಅವನ ಜೊತೆಯ ಎಳೆಯರಿಗೂ ಹಾಗೆಯೇ. ಒಂದೇ ಪ್ರಯೋಗದಲ್ಲಿ ನಾಲ್ಕು ಚರಾಂಶಗಳನ್ನು ಒಟ್ಟಿಗೆ ಬದಲಾಯಿಸಿದವನು ಫಲವನ್ನು ಯಾವುದರ ಲೆಕ್ಕಕ್ಕೆ ಬರೆಯಬೇಕು? ಬಿಕರ್‌ಸ್ಟಾಫ್ ಅವರಿಗೆ ಸಲ್ಲಬೇಕಾದ ಗೆಲುವುಗಳು ಎಷ್ಟು, ಬೀಸ್ಲಿಯವರಿಗೆ ಎಷ್ಟು, ಕಳೆದುಹೋದ ಒಂದು ವರ್ಷಕ್ಕೆ ಎಷ್ಟು ಎಂಬುದನ್ನು ೪೪ ಎಂಬ ಸಂಖ್ಯೆಯಿಂದ ಬಿಡಿಸಿ ತೆಗೆಯುವ ಉಪಾಯ ನಮ್ಮ ಗಣಿತದಲ್ಲಿಲ್ಲ. ಅದಕ್ಕೆ ಕುಳಿತು, ಪಂದ್ಯ ಪಂದ್ಯವಾಗಿ, ಸರದಿ ಸರದಿಯಾಗಿ ಆಟವನ್ನೇ ನೋಡಬೇಕು.